ಮಂಡಿ ಆಪರೇಷನ್ ಆಯ್ತು, ನೋವು ಯಾಕೆ ತಡ್ಕೋಬೇಕು?

ಎಲ್ಲರಿಗೂ ನಮಸ್ಕಾರ. ಇವತ್ತು ಸೆಪ್ಟೆಂಬರ್ 8, ವಿಶ್ವ ಫಿಸಿಯೋಥೆರಪಿ ದಿನ. ನಿಮ್ಮ ಬಳಗದವರು ಫೋನ್ ಮಾಡಿ "ಮಂಡಿ ಬಗ್ಗೆ ಒಂದೆರಡು ಮಾತು ಹೇಳಮ್ಮ" ಅಂದಾಗ ತಕ್ಷಣ ಒಪ್ಪಿಕೊಂಡೆ. ಮಂಡಿ ಯಾಕೆ ಸವೆಯುತ್ತೆ, ಸವೆದ ಮಂಡಿ ಬದಲಿಸುವ ಆಪರೇಷನ್ ಯಾವಾಗ ಬೇಕು, ಅದನ್ನೆಲ್ಲ ನಿಮಗೆ ಹೇಳಬೇಕಾಗಿಲ್ಲ. ಇಲ್ಲಿ ಕೂತಿರುವ ಅರ್ಧ ಜನ ಎಕ್ಸ್-ರೇ ಕವರ್ ಹಿಡಿದು ಮೂರು ನಾಲ್ಕು ಡಾಕ್ಟರ್ ಹತ್ತಿರ ಹೋಗಿ ಬಂದವರೇ. ಕೆಲವರಿಗೆ ಆಪರೇಷನ್ ಆಗಿದೆ. ಇನ್ನು ಕೆಲವರು ಮಗಳಿಗೆ ರಜೆ ಸಿಗಲಿ, ದಸರಾ ಮುಗೀಲಿ ಅಂತ ಕಾಯುತ್ತಿದ್ದೀರಿ. ಹಾಗಾಗಿ ಆಪರೇಷನ್ ಆದ ಮೇಲಿನ ದಿನಗಳಿಗೇ ನೇರವಾಗಿ ಬರುತ್ತೇನೆ.

ನಾನು ಇಲ್ಲಿಗೆ ಬಂದಿರುವುದು ಒಂದು ಮಾತು ಹೇಳುವುದಕ್ಕೆ. ನೋವು ಏರಿದ ಮೇಲೆ ಮಾತ್ರೆ ಹುಡುಕಬೇಡಿ. ಏರುವ ಮೊದಲೇ ತೊಗೊಳ್ಳಿ. ಇದನ್ನು ಇವತ್ತು ಎಷ್ಟು ಸಲ ಹೇಳ್ತೀನೋ ಗೊತ್ತಿಲ್ಲ, ಬೇಜಾರು ಮಾಡ್ಕೋಬೇಡಿ. ದಿನಾ ಮನೆಮನೆಗೆ ಹೋಗಿ ಕಾಲು ಮಡಚಿಸುವವಳು ನಾನು. ಎಲ್ಲಿ ಮಂಡಿ ಬಗ್ಗುತ್ತೆ, ಎಲ್ಲಿ ಬಗ್ಗಲ್ಲ ಅನ್ನುವುದು ಕಣ್ಣೆದುರೇ ಕಾಣುತ್ತೆ. ಬಗ್ಗದ ಮನೆಗಳಲ್ಲಿ ಬಹಳಷ್ಟು ಕಡೆ ಕಾರಣ ಒಂದೇ. ಹಲ್ಲು ಕಚ್ಚಿ ನೋವು ತಡ್ಕೊಂಡಿರುತ್ತಾರೆ.

ವಾಜಪೇಯಿಯವರ ಮಂಡಿ ಆಪರೇಷನ್ ನಿಮಗೆಲ್ಲ ನೆನಪಿದೆ ಅಲ್ವಾ? 2000ನೇ ಇಸವಿ ಅಕ್ಟೋಬರ್‌ನಲ್ಲಿ ಎಡ ಮಂಡಿ, ಮರುವರ್ಷ ಜೂನ್‌ನಲ್ಲಿ ಬಲ ಮಂಡಿ. ಮುಂಬೈನ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ. ನ್ಯೂಯಾರ್ಕ್‌ನಿಂದ ಬಂದು ಆಪರೇಷನ್ ಮಾಡಿದವರು ಡಾ. ಚಿತ್ತರಂಜನ್ ರಾಣಾವತ್, ನಮ್ಮ ದೇಶದಲ್ಲೇ ಹುಟ್ಟಿ ಬೆಳೆದವರು. ಪ್ರಧಾನಿ ಮಾಡಿಸಿಕೊಂಡರಂತೆ ಅಂತ ಆಗ ಊರೂರಲ್ಲೂ ಇದೇ ಮಾತು. ಅಲ್ಲಿಯವರೆಗೆ ಹೆದರಿಕೊಂಡಿದ್ದ ಎಷ್ಟೋ ಹಿರಿಯರಿಗೆ ಧೈರ್ಯ ಬಂತು. ಈ ರಾಣಾವತ್ ಅವರೇ 1970ರ ದಶಕದ ಶುರುವಿನಲ್ಲಿ ನ್ಯೂಯಾರ್ಕ್‌ನಲ್ಲಿ ಜಾನ್ ಇನ್ಸಾಲ್ ಮತ್ತು ಪೀಟರ್ ವಾಕರ್ ಜೊತೆ ಸೇರಿ ಕೃತಕ ಮಂಡಿಯೊಂದನ್ನು ರೂಪಿಸಿದವರು. 1974ರಿಂದ ಅದನ್ನು ಹಾಕಲು ಶುರು ಮಾಡಿದರು. ಇವತ್ತು ಹಾಕುವ ಮಂಡಿಗಳಿಗೆಲ್ಲ ಬಹುಮಟ್ಟಿಗೆ ಅದೇ ಅಡಿಪಾಯ. ತೊಡೆ ಮೂಳೆಗೆ ಲೋಹದ ಟೋಪಿ, ಕೆಳಗಿನ ಮೂಳೆಗೆ ಒಂದು ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್.

ಇದನ್ನು ಯಾಕೆ ಹೇಳಿದೆ ಅಂದರೆ, ಮಂಡಿ ಹೆಚ್ಚುಕಡಿಮೆ ಅದೇ ಇದೆ. ಬದಲಾಗಿರುವುದು ನೋವನ್ನು ನೋಡಿಕೊಳ್ಳುವ ರೀತಿ. ನಿಮ್ಮ ದೊಡ್ಡಮ್ಮನಿಗೋ ಅಕ್ಕನಿಗೋ ಇಪ್ಪತ್ತು ವರ್ಷದ ಹಿಂದೆ ಆಪರೇಷನ್ ಆಗಿ, ರಾತ್ರಿಯೆಲ್ಲ ಕಿರುಚಿಕೊಂಡಿದ್ದು ನೆನಪಿದ್ದರೆ, ದಯವಿಟ್ಟು ಅದನ್ನು ಇವತ್ತಿನ ಆಪರೇಷನ್‌ಗೆ ಅಳತೆಗೋಲು ಮಾಡಿಕೊಳ್ಳಬೇಡಿ.

ಮೊದಲು ಹೆಚ್ಚಾಗಿ ಒಂದೇ ಅಸ್ತ್ರ. ಮಾರ್ಫಿನ್ ಅಥವಾ ಅದರ ಜಾತಿಯ ಇಂಜೆಕ್ಷನ್. ಕೊಟ್ಟರೆ ವಾಂತಿ, ಮಂಪರು. ಕೊಡದಿದ್ದರೆ ನೋವು. 1990ರ ದಶಕದಲ್ಲಿ ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ ಬೇರೆ ದಾರಿ ತೋರಿಸಿದರು. ಒಂದೇ ಔಷಧಿಯನ್ನು ಜಾಸ್ತಿ ಕೊಡುವ ಬದಲು, ಬೇರೆ ಬೇರೆ ಜಾಗದಲ್ಲಿ ಕೆಲಸ ಮಾಡುವ ಔಷಧಿಗಳನ್ನು ಸ್ವಲ್ಪ ಸ್ವಲ್ಪ ಸೇರಿಸಿ ಕೊಡಿ. ರೋಗಿಯನ್ನು ಬೇಗ ಎಬ್ಬಿಸಿ, ಬೇಗ ಊಟ ಕೊಡಿ, ಬೇಗ ನಡೆಸಿ. ಆಮೇಲೆ 2008ರಲ್ಲಿ ಸಿಡ್ನಿಯ ಇಬ್ಬರು ಡಾಕ್ಟರ್‌ಗಳು, ಕೆರ್ ಮತ್ತು ಕೋಹನ್, ಆಪರೇಷನ್ ನಡೆಯುವಾಗಲೇ ಮಂಡಿಯ ಸುತ್ತಲಿನ ಮಾಂಸಕ್ಕೆ ಮರಗಟ್ಟಿಸುವ ಔಷಧಿ ಚುಚ್ಚುವ ತಮ್ಮ ವಿಧಾನವನ್ನು ಬರೆದು ಪ್ರಕಟಿಸಿದರು. ಈಗ ನಮ್ಮ ಊರುಗಳಲ್ಲೂ ಅದು ಮಾಮೂಲು. ಅದರ ಜೊತೆ ತೊಡೆಯ ಒಳಭಾಗದಲ್ಲಿ ಸ್ಕ್ಯಾನಿಂಗ್ ನೋಡಿಕೊಂಡು ಒಂದು ನರದ ಇಂಜೆಕ್ಷನ್ ಕೊಡುತ್ತಾರೆ. ಹಿಂದೆ ಅದನ್ನು ತೊಡೆ ಸಂದಿಯ ಹತ್ತಿರ ಕೊಡುತ್ತಿದ್ದರು. ನೋವೇನೋ ಹೋಗುತ್ತಿತ್ತು, ಆದರೆ ತೊಡೆಯ ಶಕ್ತಿಯೂ ಹೋಗಿ, ಎದ್ದು ನಿಂತರೆ ಕಾಲು ಕುಸಿಯುತ್ತಿತ್ತು. ಈಗ ಸ್ವಲ್ಪ ಕೆಳಗೆ ಕೊಡುವುದರಿಂದ ಶಕ್ತಿ ಬಹುತೇಕ ಉಳಿಯುತ್ತೆ. ಅದಕ್ಕೇ ಆಪರೇಷನ್ ಆದ ದಿನವೇ, ಇಲ್ಲಾ ಮಾರನೇ ದಿನ ವಾಕರ್ ಹಿಡಿಸಿ ನಡೆಸುವುದು ಸಾಧ್ಯವಾಗಿದೆ. ನಿಮಗೆ ಆಪರೇಷನ್ ಆಗಬೇಕಿದ್ದರೆ ಅರಿವಳಿಕೆ ಡಾಕ್ಟರನ್ನು ಮೊದಲೇ ಭೇಟಿ ಮಾಡಿ ಕೇಳಿ: ನನಗೆ ಯಾವ ಇಂಜೆಕ್ಷನ್ ಕೊಡ್ತೀರಿ, ಅದು ಎಷ್ಟು ಹೊತ್ತು ಇರುತ್ತೆ? ಕೇಳುವುದಕ್ಕೆ ಸಂಕೋಚ ಬೇಡ.

ಎಷ್ಟು ಹೊತ್ತು ಇರುತ್ತೆ ಅನ್ನುವುದು ಬಹಳ ಮುಖ್ಯ. ಬೆಳಗ್ಗೆ ಆಪರೇಷನ್, ಮಧ್ಯಾಹ್ನ ನೋಡಿದರೆ ನೋವೇ ಇಲ್ಲ. ಫೋನಿನಲ್ಲಿ ಎಲ್ಲರಿಗೂ "ಏನೂ ಗೊತ್ತೇ ಆಗಲಿಲ್ಲ ಕಣೇ" ಅಂತ ಹೇಳಿರುತ್ತಾರೆ. ಮಾತ್ರೆ ಕೊಡಲು ಬಂದ ನರ್ಸ್‌ಗೆ "ನೋವಿಲ್ಲ, ಬೇಡಮ್ಮ" ಅಂದಿರುತ್ತಾರೆ. ನಡುರಾತ್ರಿಗೋ ಬೆಳಗಿನ ಜಾವಕ್ಕೋ ಆ ಇಂಜೆಕ್ಷನ್ ಇಳಿಯುತ್ತೆ. ಆಗ ಒಂದೇ ಸಲಕ್ಕೆ ಬರುತ್ತೆ ನೋಡಿ ನೋವು! ಹಾಲು ಉಕ್ಕಿ ಚೆಲ್ಲಿದ ಮೇಲೆ ಒಲೆ ಆರಿಸಿದರೆ ಏನು ಬಂತು? ಇಂಜೆಕ್ಷನ್ ಇಳಿಯುವ ಮೊದಲೇ ಮಾತ್ರೆ ಹೊಟ್ಟೆಯಲ್ಲಿರಬೇಕು.

ಇದಕ್ಕೆ ವಿಜ್ಞಾನದ ಬೆಂಬಲವೂ ಇದೆ. 1983ರಲ್ಲಿ ಲಂಡನ್ನಿನಲ್ಲಿ ಕ್ಲಿಫರ್ಡ್ ವುಲ್ಫ್ ಇಲಿಗಳ ಮೇಲೆ ಪ್ರಯೋಗ ಮಾಡಿ ಒಂದು ವಿಷಯ ತೋರಿಸಿದರು. ಗಾಯದಿಂದ ನೋವಿನ ಸಂದೇಶ ಬರುತ್ತಲೇ ಇದ್ದರೆ ಬೆನ್ನುಹುರಿಯೇ ಚುರುಕಾಗಿಬಿಡುತ್ತೆ. ಆಮೇಲೆ ಸಣ್ಣದಾಗಿ ಮುಟ್ಟಿದರೂ ದೊಡ್ಡ ನೋವು. ಹಾಗೆ ಆದ ಮೇಲೆ ಮಾತ್ರೆ ಕೂಡ ಜಾಸ್ತಿ ಬೇಕು. ಮೊದಲೇ ತೊಗೊಂಡವರಿಗೆ ಕಡಿಮೆ ಸಾಕು. "ಮಾತ್ರೆ ಕಡಿಮೆ ಮಾಡ್ಬೇಕು" ಅನ್ನುವ ಆಸೆ ಇರುವವರೇ ಹೊತ್ತಿಗೆ ಸರಿಯಾಗಿ ತೊಗೋಬೇಕು.

ಇಲ್ಲಿ ಒಬ್ಬ ಟೀಚರ್ ಕಥೆ ಹೇಳಲೇಬೇಕು. ನಿವೃತ್ತ ಮುಖ್ಯೋಪಾಧ್ಯಾಯಿನಿ, ತಿ. ನರಸೀಪುರದ ಕಡೆಯವರು. ಕೈಯಲ್ಲಿ ಬೆತ್ತ ಇಲ್ಲ ಅನ್ನುವುದು ಬಿಟ್ಟರೆ ಈಗಲೂ ಕ್ಲಾಸಿನಲ್ಲಿ ಇದ್ದ ಹಾಗೇ. ನಾನು ಹೋದರೆ ಮೊದಲು "ಚಪ್ಪಲಿ ಸಾಲಾಗಿ ಬಿಡು" ಅನ್ನುವವರು. ಆಪರೇಷನ್ ಚೆನ್ನಾಗೇ ಆಗಿತ್ತು, ಹೊಲಿಗೆ ಒಣಗಿತ್ತು, ಎಕ್ಸ್-ರೇ ಚೆನ್ನಾಗಿತ್ತು. ಆದರೆ ಮಂಡಿ ಬಗ್ಗುತ್ತಿಲ್ಲ. ಅಳೆದರೆ 55 ಡಿಗ್ರಿ. ಆ ಹೊತ್ತಿಗೆ 90ರ ಹತ್ತಿರ ಬರಬೇಕಿತ್ತು. ಕುರ್ಚಿಯಿಂದ ಸಲೀಸಾಗಿ ಏಳುವುದಕ್ಕೇ 90ಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ನಾನು ಕೈ ಇಟ್ಟರೆ ಸಾಕು, ಇಡೀ ತೊಡೆ ಕಲ್ಲಾಗುತ್ತಿತ್ತು. "ಮಾತ್ರೆ ತೊಗೊಳ್ತಿದೀರಾ ಮೇಡಂ?" ಅಂದರೆ "ಎಲ್ಲಾ ತೊಗೊಳ್ತಿದೀನಿ" ಅಂತ ಗಟ್ಟಿಯಾಗಿ ಹೇಳುತ್ತಿದ್ದರು. ಪಾಪ, ಸೊಸೆ ಕೂಡ ನಂಬಿದ್ದರು. ಹೊತ್ತು ಹೊತ್ತಿಗೆ ಮಾತ್ರೆ, ನೀರು ತಂದು ಕೈಗೇ ಕೊಡುತ್ತಿದ್ದರು.

ಒಂದು ದಿನ ವ್ಯಾಯಾಮ ಮುಗಿದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳೋಣ ಅಂತ ಸ್ಟೀಲಿನ ಡಬ್ಬಿ ತೆರೆದರು. ಅಡಿಕೆ ಖಾನೆ, ಲವಂಗದ ಖಾನೆ, ಪಕ್ಕದ ಖಾನೆಯಲ್ಲಿ ಬಿಳಿ ಮಾತ್ರೆಗಳು! ಒಂದಲ್ಲ ಎರಡಲ್ಲ, ಖಾನೆ ತುಂಬಾ. ಕೆಲವಕ್ಕೆ ಸುಣ್ಣ ಮೆತ್ತಿಕೊಂಡಿತ್ತು. ಸೊಸೆ ನೋಡಿದರು, ನಾನು ನೋಡಿದೆ, ಅವರು ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಹೇಳಿದರು, "ಮಾತ್ರೆ ಜಾಸ್ತಿ ಆದ್ರೆ ಕಿಡ್ನಿ ಹೋಗುತ್ತಂತೆ, ನಮ್ಮ ಭಾವನವರು ಹೇಳಿದ್ರು. ಮೂರು ಹೆರಿಗೆ ನೋವು ತಡ್ಕೊಂಡಿದೀನಿ, ಇದ್ಯಾವ ಮಹಾ!"

ನಾನು ಹೇಳಿದೆ, "ಮೇಡಂ, ಹೆರಿಗೆ ನೋವು ಮಗು ಬಂದ ಮೇಲೆ ಮುಗೀತು. ಈ ನೋವು ಇಟ್ಟುಕೊಂಡು ನೀವು ದಿನಾ ಕಾಲು ಮಡಚಬೇಕು, ವಾರಗಟ್ಟಲೆ." ಅವರಿಗೆ ಯಾರೂ ಇದನ್ನು ಬಿಡಿಸಿ ಹೇಳಿರಲಿಲ್ಲ. ನೋವಿದ್ದರೆ ತೊಡೆಯ ಮಾಂಸಖಂಡ ತಾನಾಗೇ ಕೆಲಸ ನಿಲ್ಲಿಸುತ್ತೆ. ಕಾಲು ಆಡದಿದ್ದರೆ ಊತ ಇಳಿಯಲ್ಲ. ಒಳಗೆ ಗಾಯ ಮಾಯುವಾಗ ಬೆಳೆಯುವ ಅಂಟು ಪದರ ಹಾಗೇ ಬಿಗಿಯಾಗುತ್ತೆ. ತಡ ಮಾಡಿದರೆ ಮತ್ತೆ ಅರಿವಳಿಕೆ ಕೊಟ್ಟು ಡಾಕ್ಟರೇ ಮಂಡಿ ಬಗ್ಗಿಸಬೇಕಾಗುತ್ತೆ. ಅಂದರೆ ತಡ್ಕೊಂಡಿದ್ದರಿಂದ ಗಳಿಸಿದ್ದು ಇನ್ನೊಂದು ಸಲ ಆಪರೇಷನ್ ಥಿಯೇಟರ್.

ಕಿಡ್ನಿ ಭಯ ಸುಳ್ಳಲ್ಲ, ಅದನ್ನೂ ಹೇಳ್ತೀನಿ. ಡೈಕ್ಲೋಫಿನಾಕ್ ಥರದ ಮಾತ್ರೆಗಳು ಕಿಡ್ನಿಗೆ, ಹೊಟ್ಟೆಗೆ, ಬಿಪಿಗೆ ತೊಂದರೆ ಕೊಡಬಹುದು. ಕಿಡ್ನಿ ತೊಂದರೆ ಇರುವವರಿಗೆ ಡಾಕ್ಟರ್ ಅದನ್ನು ಬರೆಯುವುದಿಲ್ಲ, ಬರೆದರೂ ಕೆಲವೇ ದಿನಕ್ಕೆ. ಎಲ್ಲಾ ಮಾತ್ರೆ ಒಂದೇ ಅಲ್ಲ. ಪ್ಯಾರಾಸಿಟಮಾಲ್ ಬೇರೆ, ಟ್ರಮಡಾಲ್ ಬೇರೆ. ಟ್ರಮಡಾಲ್‌ನಿಂದ ತಲೆ ಸುತ್ತು, ವಾಕರಿಕೆ, ಮಲಬದ್ಧತೆ ಬರುತ್ತೆ. ಮಲಬದ್ಧತೆ ಬಗ್ಗೆ ಯಾರೂ ಬಾಯಿ ಬಿಡಲ್ಲ, ಅದೇ ಕಾರಣಕ್ಕೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಬಾಯಿ ಬಿಟ್ಟು ಹೇಳಿ, ಅದಕ್ಕೂ ಔಷಧಿ ಇದೆ. ಇನ್ನೊಂದು, ಆಸ್ಪತ್ರೆಯವರು ಕೊಟ್ಟ ಮಾತ್ರೆಯಲ್ಲೇ ಪ್ಯಾರಾಸಿಟಮಾಲ್ ಸೇರಿರಬಹುದು. ಅದರ ಮೇಲೆ ಮನೇಲಿ ಇದೆಯಲ್ಲಾ ಅಂತ ಡೋಲೋ 650 ನುಂಗಬೇಡಿ. ಎಲ್ಲಾ ಸೇರಿ ದಿನಕ್ಕೆ 4 ಗ್ರಾಂ ದಾಟಬಾರದು, ವಯಸ್ಸಾದವರಿಗೆ, ತೂಕ ಕಡಿಮೆ ಇರುವವರಿಗೆ ಇನ್ನೂ ಕಡಿಮೆ. ನಿಮ್ಮ ಭಾವನವರ ಮಾತಿಗಿಂತ ನಿಮ್ಮ ಡಾಕ್ಟರ್ ಮಾತು ಕೇಳಿ. ಭಾವನವರ ಮೇಲೆ ನನಗೆ ಕೋಪ ಇಲ್ಲ, ಪ್ರೀತಿಯಿಂದಲೇ ಹೇಳಿರುತ್ತಾರೆ.

ಟೀಚರ್ ಏನಾದರು ಅಂದರೆ, ಅವರ ಡಾಕ್ಟರ್ ಹತ್ತಿರ ಮಾತಾಡಿ, ರಕ್ತ ಪರೀಕ್ಷೆ ಮಾಡಿಸಿ, ಕಿಡ್ನಿ ಚೆನ್ನಾಗಿದೆ ಅಂತ ಕಾಗದದಲ್ಲಿ ತೋರಿಸಿದ ಮೇಲೆ ಒಪ್ಪಿದರು. ಮಾತ್ರೆ ತೊಗೊಂಡು ಮುಕ್ಕಾಲು ಗಂಟೆ ಆದ ಮೇಲೆ ವ್ಯಾಯಾಮ. ಹಿಮ್ಮಡಿ ಕೆಳಗೆ ಒಂದು ಪ್ಲಾಸ್ಟಿಕ್ ಕವರ್ ಹಾಸಿ, ಅದರ ಮೇಲೆ ಹಿಮ್ಮಡಿ ಜಾರಿಸಿ ಜಾರಿಸಿ ಹಿಂದಕ್ಕೆ ಎಳೆಯುವುದು. ಬಟ್ಟೆಯ ಹಾಸಿಗೆ ಮೇಲೆ ಹಿಮ್ಮಡಿ ಕಚ್ಚಿಕೊಳ್ಳುತ್ತೆ, ಕವರ್ ಮೇಲೆ ಸಲೀಸು. ಗೋಡೆ ಕ್ಯಾಲೆಂಡರಿನಲ್ಲಿ ಡಿಗ್ರಿ ತಾವೇ ಬರೆದುಕೊಂಡರು, ಮಕ್ಕಳ ಅಂಕ ಬರೆದ ಹಾಗೆ ಕೆಂಪು ಇಂಕಿನಲ್ಲಿ. 90 ದಾಟಿದ ದಿನ ನನಗೆ ಮೈಸೂರ್ ಪಾಕ್ ಕೊಟ್ಟರು. ಈಗ ಅವರ ಬೀದಿಯಲ್ಲಿ ಯಾರಿಗೇ ಮಂಡಿ ಆಪರೇಷನ್ ಆದರೂ ಮಾತ್ರೆ ತೊಗೊಂಡರಾ ಇಲ್ಲವಾ ಅಂತ ಹೋಗಿ ವಿಚಾರಿಸುವವರು ಅವರೇ!

ಕಡಿಮೆ ನೋವು ಅಂದರೆ ನೋವೇ ಇಲ್ಲ ಅಂತ ಅಲ್ಲ. ಸೊನ್ನೆಯಿಂದ ಹತ್ತರವರೆಗೆ ಎಷ್ಟು ಅಂತ ನಾವು ಕೇಳ್ತೀವಲ್ಲ, ಮೂರು ನಾಲ್ಕರಲ್ಲಿ ಇದ್ದು, ನಡೆಯಲು, ಮಡಚಲು, ನಿದ್ದೆ ಮಾಡಲು ಆಗಬೇಕು. ರಾತ್ರಿ ನೋವು ಒಂದು ತಿಂಗಳು, ಒಂದೂವರೆ ತಿಂಗಳು ಕಾಡಬಹುದು. ಊತ, ಬಿಸಿ ಇನ್ನೂ ಕೆಲವು ತಿಂಗಳು ಇರುತ್ತೆ. ಹೊಲಿಗೆಯ ಹೊರಪಕ್ಕದಲ್ಲಿ ಒಂದಿಷ್ಟು ಜಾಗ ಜೋಮು ಹಿಡಿದ ಹಾಗಿರುತ್ತೆ. ಚರ್ಮದ ಸಣ್ಣ ನರ ಕತ್ತರಿಸಿರುವುದರಿಂದ ಹಾಗೆ, ಗಾಬರಿ ಬೇಡ. ಆರು ತಿಂಗಳು ಕಳೆದರೂ ನೋವು ಹಾಗೇ ಉಳಿಯುವವರೂ ಇದ್ದಾರೆ, ನೂರಕ್ಕೆ ಹತ್ತರಿಂದ ಇಪ್ಪತ್ತು ಜನ. ಅಂಥವರು "ನನ್ನ ಹಣೆಬರಹ" ಅಂತ ಸುಮ್ನೆ ಕೂರಬೇಡಿ. ಸರ್ಜನ್‌ಗೆ ತೋರಿಸಿ, ಕಾರಣ ಹುಡುಕಿಸಿ.

ಸಮಯ ಆಯ್ತು ಅಂತ ಕಾರ್ಯದರ್ಶಿಗಳು ಕೈ ತೋರಿಸ್ತಿದ್ದಾರೆ. ಆಪರೇಷನ್‌ಗೆ ಮುಂಚಿನ ವ್ಯಾಯಾಮದ ಬಗ್ಗೆ ವಿವರವಾಗಿ ಹೇಳಬೇಕು ಅಂದುಕೊಂಡಿದ್ದೆ. ಈಗ ಇಷ್ಟೇ ಹೇಳ್ತೀನಿ. ದಿನಾಂಕ ಗೊತ್ತಾದ ದಿನದಿಂದಲೇ ತೊಡೆ ಗಟ್ಟಿ ಮಾಡಿಕೊಳ್ಳಿ, ಸಕ್ಕರೆ ಹತೋಟಿಗೆ ತನ್ನಿ, ಬೀಡಿ ಸಿಗರೇಟು ಬಿಡಿ.

ಮಂಡಿ ಕೆಳಗೆ ದಿಂಬು ಇಡಬೇಡಿ. ಹಿತವಾಗಿರುತ್ತೆ ನಿಜ, ಆದರೆ ಕಾಲು ನೆಟ್ಟಗಾಗುವುದೇ ಇಲ್ಲ. ಹಿಮ್ಮಡಿ ಕೆಳಗೆ ಇಡಿ. ಐಸ್ ಪ್ಯಾಕ್ ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ, ವ್ಯಾಯಾಮ ಆದ ಮೇಲೆ ತಪ್ಪದೇ. ಎಣ್ಣೆ ಹಚ್ಚಿ ತಿಕ್ಕಿಸುವುದು ಬೇಡ, ಯಾರು ಎಷ್ಟೇ ಹೇಳಲಿ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಮಲಗುವ ಮುಂಚಿನ ಮಾತ್ರೆ ತಪ್ಪಿಸಬೇಡಿ. ಮತ್ತೆ ಅದೇ ಮಾತು, ಏರುವ ಮೊದಲೇ.

ಕೊನೆಯದಾಗಿ, ಯಾವ ನೋವನ್ನು ಮಾತ್ರೆ ನುಂಗಿ ಸುಮ್ಮನಾಗಿಸಬಾರದು ಅಂತ ಕೇಳಿಸ್ಕೊಳ್ಳಿ. ಮೀನಖಂಡದಲ್ಲಿ ಹೊಸದಾಗಿ ನೋವು, ಬಿಗಿತ, ಊತ ಬಂದರೆ ರಕ್ತ ಹೆಪ್ಪುಗಟ್ಟಿರಬಹುದು. ಹೊಲಿಗೆಯಿಂದ ನೀರು ಅಥವಾ ಕೀವು, ಜ್ವರ, ಇಳಿಯುತ್ತಿದ್ದ ನೋವು ಮತ್ತೆ ಏರುವುದು, ಇವು ಸೋಂಕಿನ ಲಕ್ಷಣ ಇರಬಹುದು. ಅವತ್ತೇ ಫೋನ್ ಮಾಡಿ. ಎದೆ ನೋವು, ಉಸಿರು ಕಟ್ಟಿದ ಹಾಗಾದರೆ ಫೋನ್ ಮಾಡಿ ಕಾಯುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೊರಡಿ. ರಾತ್ರಿ ಆಯ್ತು, ಮಕ್ಕಳಿಗೆ ಯಾಕೆ ತೊಂದರೆ ಅಂತ ಬೆಳಗಾಗುವವರೆಗೆ ತಡ್ಕೋಬೇಡಿ.

ಈಗ ಪ್ರಶ್ನೆ ಕೇಳಿ. ಮೂರನೇ ಸಾಲಿನಲ್ಲಿ ಅಮ್ಮ ಆಗಲಿಂದ ಕೈ ಎತ್ತಿದ್ದಾರೆ, ಅವರಿಗೆ ಮೊದಲು ಮೈಕ್ ಕೊಡಿ.