ಬಾಡಿನ ಚಾಕುವಿನ ಹಿಡಿ ಸಡಿಲವಾಗುವುದು ಯಾಕೆ?

[ಹತ್ತಿರದ ದೃಶ್ಯ: ಮೇಜಿನ ಮೇಲೆ ಬಿಚ್ಚಿಟ್ಟ ಹಿಡಿ]

ನಮಸ್ಕಾರ. ಇದನ್ನು ಸರಿಯಾಗಿ ನೋಡಿ. ಹೊಸತೊಡಕಿನ ದಿನ ನಮ್ಮೂರಲ್ಲಿ ಗುಡ್ಡೆ ಬಾಡು ಹಾಕುವಾಗ, ಅಂದರೆ ಮಾಂಸವನ್ನು ಗುಡ್ಡೆ ಗುಡ್ಡೆಯಾಗಿ ಪಾಲು ಹಾಕುವಾಗ, ಈ ಚಾಕುವಿನ ಹಿಡಿ ಕೈಯಲ್ಲೇ ಅಲ್ಲಾಡಿತು. ಮನೆಗೆ ತಂದು ರಿವಿಟ್ ಕಿತ್ತೆ. ಮರದ ಒಳಮೈ ಕಪ್ಪಾಗಿದೆ. ಕಬ್ಬಿಣದ ಮೇಲೆ ತುಕ್ಕು ಪದರ ಪದರವಾಗಿ ಎದ್ದಿದೆ. ನಡುವೆ ಜಿಡ್ಡು, ಹಳೇ ರಕ್ತ. ಪ್ರತಿ ಸಲ ಬಿಸಿನೀರಲ್ಲಿ ತೊಳೆದ ಚಾಕು ಇದು! ಒಳಗೆ ಮಾತ್ರ ಹೀಗಿತ್ತು.

ನಾನು ಶಿರಾ ಕಡೆಯವನು. ನಮ್ಮಲ್ಲಿ ಕುಲುಮೆಯವರು ಲಾರಿಯ ಕಮಾನ್ ಪಟ್ಟಿ ಕಾಯಿಸಿ, ತಟ್ಟಿ ಚಾಕು ಮಾಡಿಕೊಡುತ್ತಾರೆ. ಅಲಗು ವರ್ಷಗಟ್ಟಲೆ ಬರುತ್ತದೆ. ಹಿಡಿ ಬರುವುದಿಲ್ಲ. ಪೆಟ್ಟು ಬಿದ್ದು ಕಳಚಿತು ಅಂದುಕೊಳ್ಳುತ್ತೇವೆ, ಅಲ್ವಾ? ಹೆಚ್ಚಿನ ಸಲ ಅದು ನೀರಿನ ಕೆಲಸ.

ಮರ ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಉಕ್ಕು ಹಾಗೆ ಮಾಡುವುದಿಲ್ಲ. ತೊಳೆದಂತೆಲ್ಲ ಎರಡರ ನಡುವೆ ಕೂದಲೆಳೆಯಷ್ಟು ಸಂದು ಬಿಡುತ್ತದೆ, ನೀರು ಇಳಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಮರವನ್ನು ಒಳಗಿನಿಂದಲೇ ತಳ್ಳುತ್ತದೆ.

ಹಿಂದೆ ಅರಗಿಗೆ ಇಟ್ಟಿಗೆ ಪುಡಿ ಬೆರೆಸಿ ಹಿಡಿಯ ತೂತಿಗೆ ತುಂಬಿ, ಕಾದ ಕಬ್ಬಿಣವನ್ನು ಒಳಗೆ ಒತ್ತುತ್ತಿದ್ದರು. ಕುಡುಗೋಲಿಗೆ ಅದು ಒಳ್ಳೆಯದೇ. ಆದರೆ ಅರಗು ಕುದಿನೀರಿಗೆ ಮೆತ್ತಗಾಗುತ್ತದೆ. ಬಾಡಿನ ಚಾಕುವಿಗೆ ಅರಾಲ್ಡೈಟ್ ಹಾಕಿ, ಎರಡು ಟ್ಯೂಬಿನಲ್ಲಿ ಬರುವ ಎಪಾಕ್ಸಿ ಅಂಟು ಅದು.

[ದೃಶ್ಯ: ಹುಣಸೆ ಮರದ ಎರಡು ಹೋಳು]

ಮರ ಹುಣಸೆ ಇರಲಿ, ಜಾಲಿ ಇರಲಿ, ಚೆನ್ನಾಗಿ ಒಣಗಿರಬೇಕು. ಮಟನ್ ಅಂಗಡಿಯ ಕೊರಡು ಕೂಡ ಹುಣಸೆಯದೇ ಜಾಸ್ತಿ. ಗಟ್ಟಿ ಮರ.

ಹೊಸ ಚಾಕು ಮಾಡಿಸುವುದಾದರೆ ರಿವಿಟ್ ತೂತುಗಳನ್ನು ಅಲಗಿಗೆ ನೀರು ಕುಡಿಸುವ, ಅಂದರೆ ಕಾಯಿಸಿ ಅದ್ದಿ ಗಟ್ಟಿ ಮಾಡುವ ಮೊದಲೇ ಕೊರೆಸಿಕೊಳ್ಳಿ. ಆಮೇಲೆ ಡ್ರಿಲ್ ಇಳಿಯುವುದು ಕಷ್ಟ. ಹಿಡಿಯೊಳಗೆ ಹೋಗುವ ಕಬ್ಬಿಣವನ್ನು ಎಮ್ರಿ ಪೇಪರ್‌ನಿಂದ ಉಜ್ಜಿ ತರಿತರಿ ಮಾಡಿ. ನುಣುಪಾದ ಮೈಗೆ ಅಂಟು ಹಿಡಿಯುವುದಿಲ್ಲ. ಜಿಡ್ಡು ತೆಗೆಯುವ ಅಸಿಟೋನ್‌ನಲ್ಲಿ ಒರೆಸಿ. ಒರೆಸಿದ ಮೇಲೆ ಬೆರಳು ತಾಗಿಸಬೇಡಿ, ಬೆರಳಿನ ಜಿಡ್ಡೇ ಸಾಕು ಕೆಡಿಸಲು.

ಒಂದು ಮಾತು ಮರೆಯಬೇಡಿ. ಅಲಗಿನ ಕಡೆಗಿರುವ ಹಿಡಿಯ ಮುಂದಿನ ಅಂಚನ್ನು ಅಂಟಿಸುವ ಮೊದಲೇ ನುಣ್ಣಗೆ ಮಾಡಿ ಮುಗಿಸಿ. ಅಂಟಿಸಿದ ಮೇಲೆ ಅಲ್ಲಿ ಉಜ್ಜಿದರೆ ಅಲಗೆಲ್ಲ ಗೀರು.

ಎರಡೂ ಟ್ಯೂಬಿನಿಂದ ಸಮ ಸಮ ತೆಗೆದು ಚೆನ್ನಾಗಿ ಕಲಸಿ. ಐದು ನಿಮಿಷದಲ್ಲಿ ಗಟ್ಟಿಯಾಗುವ ಬಗೆ ಬೇಡ, ನಿಧಾನದ್ದೇ ಇರಲಿ. ಮರಕ್ಕೂ ಹಚ್ಚಿ, ಕಬ್ಬಿಣಕ್ಕೂ ಹಚ್ಚಿ, ತೂತಿನೊಳಗೂ ತುಂಬಿ. ರಿವಿಟ್ ಆಗಿ ಹಿತ್ತಾಳೆ ಕಡ್ಡಿ ತೂರಿಸಿ ಕ್ಲಾಂಪ್ ಹಾಕಿ.

ಇಲ್ಲೇ ನಾನು ಕೆಡಿಸಿಕೊಂಡಿದ್ದು. ಬಿಗಿಯಾದಷ್ಟೂ ಒಳ್ಳೆಯದು ಅಂತ ಕ್ಲಾಂಪನ್ನು ತಿರುಗಿಸಿದ್ದೇ ತಿರುಗಿಸಿದ್ದು. ಅಂಟೆಲ್ಲ ಹೊರಗೆ ಬಂತು, ಒಳಗೆ ಏನೂ ಉಳಿಯಲಿಲ್ಲ. ಅಂಚಿನ ಸುತ್ತ ಅಂಟು ಸಣ್ಣ ಗೆರೆಯಾಗಿ ಒಸರಿದರೆ ಸಾಕು, ನಿಲ್ಲಿಸಿ. ಮುಂದಿನ ಅಂಚಿನಲ್ಲಿ ಒಸರಿದ್ದನ್ನು ಹಸಿ ಇರುವಾಗಲೇ ಬಟ್ಟೆಯಿಂದ ಒರೆಸಿ. 24 ಗಂಟೆ ಮುಟ್ಟಬೇಡಿ.

ಹಿಡಿಯನ್ನು ಜಗ್ಗದ ಹಾಗೆ ಹಿಡಿಯುವುದು ಆ ಹಿತ್ತಾಳೆ ಕಡ್ಡಿ. ಅಂಟಿನ ದೊಡ್ಡ ಕೆಲಸ ನೀರನ್ನು ತಡೆಯುವುದು. ಅದಕ್ಕೇ ಸಂದು ತುಂಬುವುದರ ಮೇಲೆ ನಾನು ಇಷ್ಟು ಒತ್ತಿ ಹೇಳುತ್ತಿರುವುದು.

ಮಾರನೇ ದಿನ ಹಿಡಿಯನ್ನೂ ಕಡ್ಡಿಯ ತುದಿಯನ್ನೂ ಸಮ ಮಾಡಲು ಗ್ರೈಂಡರ್ ಹಿಡಿಯುವಾಗ ಮೂಗಿಗೆ ಮಾಸ್ಕ್ ಹಾಕಿ, ಅಲಗಿಗೆ ಬಟ್ಟೆ ಸುತ್ತಿ. ಹಿತ್ತಾಳೆ ಬೇಗ ಕಾಯುತ್ತದೆ, ಕಾದರೆ ಸುತ್ತಲಿನ ಅಂಟು ಮೆತ್ತಗಾಗುತ್ತದೆ. ಕೈಗೆ ಬಿಸಿ ತಾಗಿದರೆ ಬಿಡಿ, ಆರಲಿ.

[ದೃಶ್ಯ: ಬಟ್ಟೆಯಿಂದ ಎಣ್ಣೆ ಹಚ್ಚುವುದು]

ಕೊನೆಗೆ ಅಗಸೆ ಎಣ್ಣೆ. ಕೊಬ್ಬರಿ ಎಣ್ಣೆ ಬೇಡ. ತಿಪಟೂರು ನಮ್ಮ ಜಿಲ್ಲೆಯಲ್ಲೇ ಇದ್ದರೂ ಈ ಮಾತು ಹೇಳಲೇಬೇಕು. ಅದು ಒಣಗುವುದಿಲ್ಲ, ಜಿಡ್ಡಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ. ಅಡುಗೆಗೆ ಬಳಸುವಂಥದ್ದೇ ತನ್ನಿ. ತೆಳ್ಳಗೆ ಹಚ್ಚಿ, ಒರೆಸಿ, ಒಣಗಿಸಿ, ಮತ್ತೆ ಹಚ್ಚಿ. ಹಿಡಿಯ ಹಿಂದಿನ ತುದಿಗೆ ಇನ್ನೂ ಎರಡು ಸಲ. ಮರ ನೀರು ಕುಡಿಯುವುದು ಅಲ್ಲಿಂದಲೇ ಜಾಸ್ತಿ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಕಾದು ಬೆಂಕಿ ಹತ್ತಬಹುದು. ನೀರಲ್ಲಿ ನೆನೆಸಿ, ಹರಡಿ ಒಣಗಿಸಿ.

ಎಣ್ಣೆ ಪೂರ್ತಿ ಒಣಗಿದ ಮೇಲೆ ಹೆಬ್ಬೆರಳ ಉಗುರನ್ನು ಮರ, ಉಕ್ಕು ಸೇರುವ ಕಡೆ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಸಂದು ಇದೆ. ಒಂದು ತೊಟ್ಟು ಅರಾಲ್ಡೈಟ್ ತುಂಬಿ, ಇನ್ನೊಂದು ದಿನ ಕಾಯಿರಿ.