ಒಂಬತ್ತು ಚದರದ ಮನೆ, ಇಪ್ಪತ್ತೆರಡು ಫೋಟೊ

ಗೇಟು ಕಿರ್ರ್ ಅಂದಿದ್ದು ಕೇಳಿಸ್ತಾ? ಎಡಿಟಿಂಗ್‌ನಲ್ಲಿ ತೆಗೀಬಹುದಿತ್ತು, ಬೇಕಂತಲೇ ಬಿಟ್ಟಿದ್ದೀನಿ. ಈ ಶಾಟ್ ಆದ ತಕ್ಷಣ ಎಣ್ಣೆ ಬಿಟ್ಟೆ. ಸುಮಾರು ನಲವತ್ತು ವರ್ಷದ ಸದ್ದು, ಇನ್ನು ಬರಲ್ಲ.

ಇದು ಮೈಸೂರು, ಕುವೆಂಪುನಗರ. ನಮ್ಮನೆ. ಮಾರ್ತಿದ್ದೀವಿ. ಅಮ್ಮ ಹಾಸನಕ್ಕೆ ಅಕ್ಕನ ಮನೆಗೆ ಹೋಗ್ತಾಳೆ, ನಾನಿರೋದು ಬೆಂಗಳೂರಲ್ಲಿ. ಬ್ರೋಕರ್ ಕೈಗೆ ಕೊಟ್ಬಿಡೋಣ ಅಂದ್ಲು ಅಕ್ಕ. ಬೇಡ ಕಣೇ, ಆನ್‌ಲೈನಲ್ಲಿ ಹಾಕ್ತೀನಿ, ಒಂದು ಭಾನುವಾರದ ಕೆಲ್ಸ ಅಂದೆ. ಇವತ್ತು ಐದನೇ ಭಾನುವಾರ.

ಮೊದಲನೇ ವಾರ ತೆಗೆದ ಫೋಟೊ ನೋಡಿ. ಮಧ್ಯಾಹ್ನ ಮೂರು ಗಂಟೆ. ಪೂರ್ವದ ಬಾಗಿಲು, ಸೂರ್ಯ ಮನೆ ಹಿಂದೆ. ಮುಂಭಾಗವೆಲ್ಲ ಕಪ್ಪು, ಬೀಗ ಜಡಿದು ವರ್ಷಗಳಾದ ಮನೆ ಥರ. ಇದು ಬೆಳಗ್ಗೆ ಎಂಟಕ್ಕೆ ತೆಗೆದದ್ದು. ಅದೇ ಮನೆ, ಅದೇ ಫೋನು. ಗೋಡೆ ಮೇಲೆ ದಾಸವಾಳದ ನೆರಳು ಬೇರೆ ಬಿದ್ದಿದೆ.

ಒಳಗಡೆ ಇನ್ನೊಂದು ಎಡವಟ್ಟು. ಫೋನಿನ 0.5 ಲೆನ್ಸ್, ಅಂದ್ರೆ ಜಾಗ ಅಗಲವಾಗಿ ತೋರಿಸೋದು, ಹಾಕಿ ಹಾಲ್ ತೆಗೆದೆ. ಛತ್ರದ ಥರ ಬಂತು. ಖುಷಿಯಾಗಿ ಅಮ್ಮನಿಗೆ ತೋರಿಸಿದ್ರೆ, 'ಇದು ಯಾರ ಮನೆಯೋ?' ಅಂದ್ಲು. ಅಷ್ಟು ದೊಡ್ಡ ಹಾಲ್ ಅಂದ್ಕೊಂಡು ಬಂದವರಿಗೆ ಬಾಗಿಲಲ್ಲೇ ಮುಖ ಇಳಿಯುತ್ತೆ. ಅದಕ್ಕೆ ಮಾಮೂಲಿ ಲೆನ್ಸು, ಎದೆ ಮಟ್ಟಕ್ಕೆ ಫೋನು, ಅಡ್ಡಲಾಗಿ. ಟ್ಯೂಬ್‌ಲೈಟ್ ಆರಿಸಿ ಕಿಟಕಿ ಪೂರ್ತಿ ತೆಗೆದ್ರೆ ಗೋಡೆ ಬಣ್ಣ ಬಣ್ಣದ ಹಾಗೆ ಬರುತ್ತೆ. ಎರಡೂ ಬೆಳಕು ಸೇರಿದ್ರೆ ಒಂದು ಕಡೆ ಹಳದಿ, ಒಂದು ಕಡೆ ನೀಲಿ.

ಗೋಡೆ ಖಾಲಿ ಮಾಡೋದೇ ಒಂದು ಯುದ್ಧ. ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇಳಿಸಿದ ಐದೇ ನಿಮಿಷಕ್ಕೆ, ಅಮ್ಮನ 'ರಾಹುಕಾಲ ಎಲ್ಲಿ ನೋಡ್ಲಿ?' ಶುರುವಾಯ್ತು. ಫೋಟೊ ಆದ್ಮೇಲೆ ಮತ್ತೆ ಅದೇ ಮೊಳೆಗೆ ಹಾಕಿದೀನಿ. ಅಟ್ಟದಿಂದ ಇಳಿದ ಈ ತಗಡಿನ ಟ್ರಂಕಿನಲ್ಲಿ ದಸರಾ ಗೊಂಬೆಗಳು. ಪಟ್ಟದ ಗೊಂಬೆ ಅಜ್ಜಿ ಮದುವೇಲಿ ಬಂದದ್ದು, ಅಮ್ಮ ಅದನ್ನ ಈಗಲೂ ತನ್ನ ಹಳೇ ಸೀರೇಲೇ ಸುತ್ತಿಡ್ತಾಳೆ. ರೂಮ್ ಫೋಟೊ ತೆಗೆಯುವಾಗ ಟ್ರಂಕು ಹಾಲಿಗೆ, ಹಾಲ್ ತೆಗೆಯುವಾಗ ಅಡುಗೆಮನೆಗೆ. ಇಪ್ಪತ್ತೆರಡು ಫೋಟೊದಲ್ಲಿ ಒಂದರಲ್ಲೂ ಕಾಣಲ್ಲ, ಆದ್ರೆ ಪ್ರತಿಯೊಂದರಲ್ಲೂ ನನ್ನ ಬೆನ್ನ ಹಿಂದೆ ಅದು ಇದೆ.

ರೆಡ್ ಆಕ್ಸೈಡ್ ನೆಲಕ್ಕೆ ಪಾಲಿಶ್ ಬೇಡ, ಒರೆಸಿ ಒಣಗಿದ ಮೇಲೆ ಬಟ್ಟೇಲಿ ಸ್ವಲ್ಪ ಕೊಬ್ಬರಿ ಎಣ್ಣೆ ತಗೊಂಡು ಉಜ್ಜು ಅಂದ್ಲು ಅಮ್ಮ. ಸ್ವಲ್ಪ ಅಂದಿದ್ದನ್ನ ನಾನು ಜಾಸ್ತಿ ಮಾಡಿದೆ. ಫೋಟೊ ಕನ್ನಡಿ ಥರ ಬಂತು. ನಾನು ಜಾರಿ ಬಿದ್ದೆ.

ಈಗ ಮುಖ್ಯ ವಿಷಯ. ಈ ಗೋಡೆ. ಬಚ್ಚಲಿಗೆ ಅಂಟಿಕೊಂಡಿರೋ ರೂಮಿನ ಗೋಡೆ, ಮೊಣಕಾಲೆತ್ತರದವರೆಗೆ ಶೀತ, ಸುಣ್ಣ ಪುಡಿಪುಡಿಯಾಗಿ ಉದುರ್ತಿತ್ತು. ಪುಟ್ಟಿ ಮೆತ್ತಿ ಬಣ್ಣ ಹೊಡೆಸಿ ಫೋಟೊ ತೆಗೆದ್ರೆ ಯಾರಿಗೆ ಗೊತ್ತಾಗುತ್ತೆ ಅನ್ನೋದು ನನ್ನ ಲೆಕ್ಕ. ಪೇಂಟರ್ ಒಪ್ಪಲಿಲ್ಲ. 'ಸಾರ್, ಮೂರು ತಿಂಗಳಿಗೆ ಮತ್ತೆ ಗುಳ್ಳೆ ಏಳುತ್ತೆ, ತಗೊಂಡವರು ನನ್ನನ್ನೇ ಬೈಯೋದು' ಅಂದ್ರು. ಪ್ಲಂಬರ್ ಬಂದು ಗೋಡೆ ಒಡೆದ್ರೆ ಒಳಗೆ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ತಿರುವು ತುಕ್ಕು ಹಿಡಿದು ಸಣ್ಣಗೆ ಜಿನುಗ್ತಾ ಇತ್ತು. ಎಷ್ಟು ವರ್ಷದಿಂದಲೋ! ಪೈಪ್ ಬದಲಾಯಿಸಿ, ಗೋಡೆ ಮೂರು ವಾರ ಒಣಗೋಕೆ ಬಿಟ್ವಿ. ಒಂದು ಭಾನುವಾರ ಐದಾಗಿದ್ದು ಹೀಗೆ. ಒಡೆದ ಗೋಡೆಯ ಫೋಟೊ, ಹೊಸ ಪೈಪಿನ ಫೋಟೊ ಎರಡನ್ನೂ ಜಾಹೀರಾತಿಗೇ ಹಾಕಿದೆ. ಅಕ್ಕ ಫೋನ್ ಮಾಡಿ ಬೈದ್ಲು. ಆದ್ರೆ ಫೋನ್ ಮಾಡಿದವರಲ್ಲಿ ಹೆಚ್ಚಿನವರು ಮೊದಲು ಕೇಳಿದ್ದು ಆ ಫೋಟೊ ಬಗ್ಗೆನೇ, ಬೇಜಾರಿಂದಲ್ಲ.

ಇನ್ನು ಜಾಹೀರಾತಿನ ಫಾರಂ. ಕಾರ್ಪೆಟ್ ಏರಿಯಾ (ಗೋಡೆಗಳ ಒಳಗಿನ ಜಾಗ) ಎಷ್ಟು, ಸೂಪರ್ ಬಿಲ್ಟ್-ಅಪ್ (ಎಲ್ಲರೂ ಬಳಸೋ ಜಾಗದ ಪಾಲೂ ಸೇರಿದ್ದು) ಎಷ್ಟು ಅಂತ ಕೇಳುತ್ತೆ. ಅದೆಲ್ಲ ಫ್ಲಾಟಿನ ಲೆಕ್ಕ. ನಮ್ಮದು ಮೂವತ್ತು ಬೈ ನಲವತ್ತು ಅಡಿ ಸೈಟು, ಒಂಬತ್ತು ಚದರದ ಮನೆ. ಒಂದು ಚದರ ಅಂದ್ರೆ ನೂರು ಚದರಡಿ ಅಂತ ಬೆಂಗಳೂರಲ್ಲಿ ಹುಟ್ಟಿದ ನನ್ನ ಮಗಳಿಗೂ ಗೊತ್ತಿರಲಿಲ್ಲ. ಟೇಪು ಹಿಡಿದು ಅಳೆದು, ಕಾಗದದ ಮೇಲೆ ನಕ್ಷೆ ಬರೆದು ಅದರದ್ದೂ ಒಂದು ಫೋಟೊ ಹಾಕಿದೆ. ಕೈಬರಹ ಕೆಟ್ಟದಾಗಿದೆ, ಅಳತೆ ಸರಿಯಾಗಿದೆ.

ದಾಖಲೆ ವಿಚಾರ ಬೇಗ ಹೇಳ್ತೀನಿ. ಅಪ್ಪನಿಗೆ ಸೈಟು ಹಂಚಿಕೆ ಆದದ್ದು 1983ರಲ್ಲಿ, ಆಗಿನ್ನೂ ಸೈಟು ಹಂಚ್ತಿದ್ದ ಸಿಐಟಿಬಿ (ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್) ಕಾಲ, ಮುಡಾ, ಅಂದ್ರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಆಮೇಲೆ ಬಂದದ್ದು. ಹಂಚಿಕೆ ಪತ್ರ, ಲೀಸ್ ಕಂ ಸೇಲ್ (ಮೊದಲು ಗುತ್ತಿಗೆ, ಆಮೇಲೆ ಕ್ರಯ ಅನ್ನೋ ಕರಾರು), ಕ್ರಯಪತ್ರ ಮೂರೂ ಅಪ್ಪನ ರೆಕ್ಸಿನ್ ಬ್ಯಾಗಲ್ಲಿತ್ತು. ಅಪ್ಪ ಉಯಿಲು ಬರೆದಿರಲಿಲ್ಲ, ಹಾಗಾಗಿ ಅಮ್ಮ, ಅಕ್ಕ, ನಾನು, ಮೂವರದ್ದೂ ಹಕ್ಕು, ಮೂವರದ್ದೂ ಸಹಿ. ಇ-ಖಾತೆ (ಪಾಲಿಕೆ ಕೊಡೋ ಆಸ್ತಿಯ ಡಿಜಿಟಲ್ ದಾಖಲೆ) ಇಲ್ದೆ ಈಗ ನೋಂದಣಿ ಆಗಲ್ಲ, ಅದನ್ನ ಜಾಹೀರಾತಿಗೆ ಮುಂಚೆನೇ ಮಾಡಿಸಿ. ಇ.ಸಿ. (ಆಸ್ತಿ ಮೇಲಿನ ಸಾಲ, ಕ್ರಯ ತೋರಿಸೋ ಋಣಭಾರ ಪತ್ರ) 2004ರಿಂದ ಈಚೆಗಿನದ್ದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೇಲೇ ಕೂತು ಅರ್ಜಿ ಹಾಕ್ಬಹುದು. ಬೆಲೆ 50 ಲಕ್ಷ ಅಥವಾ ಮೇಲಿದ್ರೆ ಕೊಳ್ಳೋರು 1% ಟಿಡಿಎಸ್ (ದುಡ್ಡು ಕೊಡುವಾಗಲೇ ಕಳೆಯೋ ಆದಾಯ ತೆರಿಗೆ) ಹಿಡೀತಾರೆ, ಗಾಬರಿಯಾಗ್ಬೇಡಿ. ಒಂದೇ ಮಾತು, ಕ್ರಯಪತ್ರದ ಫೋಟೊ ಮಾತ್ರ ಜಾಹೀರಾತಿಗೆ ಹಾಕ್ಬೇಡಿ. 'ದಾಖಲೆ ಸಿದ್ಧವಿದೆ' ಅಂತ ಬರೀರಿ, ಸಾಕು.

ಜಾಹೀರಾತು ಹಾಕಿ ಒಂದು ಗಂಟೆ ಆಗಿಲ್ಲ, ಮೊದಲ ಫೋನು. ಸೇನೇಲಿದ್ದೀನಿ, ನೋಡೋದೇ ಬೇಡ, ಟೋಕನ್ ಅಡ್ವಾನ್ಸ್ ಈಗ್ಲೇ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದ. ದುಡ್ಡು ತಗೊಳ್ಳೋಕೆ ಪಿನ್ ಯಾಕಪ್ಪಾ? ಪಿನ್ ಒತ್ತೋದು ಕೊಡೋನು. ಕಟ್ ಮಾಡಿದೆ. ಆಮೇಲೆ ಯಾರೋ ಬ್ರೋಕರ್ ನಮ್ಮ ಫೋಟೊಗಳನ್ನೇ ಎತ್ತಿ, ಆರು ಲಕ್ಷ ಜಾಸ್ತಿ ಹಾಕಿ ಬೇರೆ ಕಡೆ ಬಿಟ್ಟಿದ್ದ. ಆ ಕಪ್ಪು ಮುಂಭಾಗದ ಫೋಟೊನೂ ಸೇರಿಸಿ!

ಈ ಕ್ಲಿಪ್ ನಿನ್ನೆ ರಾತ್ರಿದು. ಡಲ್ಲಾಸ್‌ನಿಂದ ಒಬ್ಬರು ವಿಡಿಯೋ ಕಾಲ್ ಮಾಡಿದ್ರು. ಮಂಡ್ಯದಲ್ಲಿರೋ ಅಪ್ಪ-ಅಮ್ಮನಿಗೆ ಮೈಸೂರಲ್ಲಿ ಮನೆ ನೋಡ್ತಿದ್ದಾರೆ. ನಾನು ಫೋನ್ ಹಿಡ್ಕೊಂಡು ರೂಮ್ ರೂಮ್ ತೋರಿಸ್ತಾ 'ನೀರು 24 ಗಂಟೆ' ಅನ್ನುವಷ್ಟರಲ್ಲಿ ಹಿಂದಿಂದ ಅಮ್ಮ: 'ಸುಳ್ಳು ಹೇಳ್ಬೇಡ. ನಲ್ಲಿ ಬರೋದು ದಿನ ಬಿಟ್ಟು ದಿನ, ಬೆಳಗ್ಗೆ ಐದೂವರೆಗೆ. ಸಂಪು ತುಂಬಿಸ್ಕೋಬೇಕಪ್ಪಾ.'

ಆ ಕಡೆ ಅವರು ನಕ್ಕುಬಿಟ್ರು. 'ಆಂಟಿ, ಇನ್ನೇನೇನಿದೆ ಹೇಳಿ' ಅಂದ್ರು. ಫೋನು ಅಮ್ಮನ ಕೈಗೆ ಹೋಯ್ತು. ನಲವತ್ತು ನಿಮಿಷ. ಪಕ್ಕದ ಮನೆ ತೆಂಗಿನ ಗರಿ ನಮ್ಮ ತಾರಸಿಗೆ ಬೀಳೋದು, ಮೆಟ್ಟಿಲಲ್ಲಿ ಎರಡನೇದು ಒಂಚೂರು ಎತ್ತರ ಇರೋದು, ತಾರಸಿಯ ಯಾವ ಮೂಲೇಲಿ ನಿಂತ್ರೆ ಚಾಮುಂಡಿ ಬೆಟ್ಟದ ದೀಪ ಕಾಣೋದು, ಎಲ್ಲಾ ತೋರಿಸಿದ್ಲು. ನಾನು ಪವರ್ ಬ್ಯಾಂಕ್ ಹಿಡ್ಕೊಂಡು ಹಿಂದೆ ಹಿಂದೆ.

ಅವರ ಅಪ್ಪ-ಅಮ್ಮ ಮುಂದಿನ ಭಾನುವಾರ ಮಂಡ್ಯದಿಂದ ಬರ್ತಿದ್ದಾರೆ. ಜಾಹೀರಾತಿನಲ್ಲಿ '24 ಗಂಟೆ' ತೆಗೆದು 'ನೀರು ದಿನ ಬಿಟ್ಟು ದಿನ, ಸಂಪ್ ಇದೆ' ಅಂತ ಬರೆದೆ. ಅಮ್ಮ ಕನ್ನಡಕ ಹಾಕ್ಕೊಂಡು ಓದಿ, 'ಎಂಟು ಸಾವಿರ ಲೀಟರಿಂದು ಅಂತ ಬರಿ, ಸುಮ್ನೆ ಸಂಪು ಅಂದ್ರೆ ಸಣ್ಣದು ಅಂದ್ಕೋತಾರೆ' ಅಂದ್ಲು.