ಕೈಯೊಳಗಿನ ಇಲಿ, ಕಾಲೊಳಗಿನ ಮೀನು

ಕೇಳುಗರಿಗೆ ನಮಸ್ಕಾರ. ಪರೀಕ್ಷೆಗೆ ಓದುತ್ತಿರುವ ಮಕ್ಕಳು ರೇಡಿಯೊದ ಹತ್ತಿರ ಇದ್ದರೆ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಇತ್ತ ಕಿವಿ ಕೊಡಿ. ವಿಜ್ಞಾನದ ಪದವನ್ನು ಬಾಯಿಪಾಠ ಮಾಡಬೇಡಿ, ಒಡೆದು ನೋಡಿ. ತೆಂಗಿನಕಾಯಿಯನ್ನು ಒಡೆಯದೆ ತಿನ್ನುವವರುಂಟೇ?

ಮಸಲ್ ಎಂಬ ಪದವನ್ನೇ ತೆಗೆದುಕೊಳ್ಳಿ. ನಾವು ಸ್ನಾಯು ಎನ್ನುತ್ತೇವೆ. ಇದು ಲ್ಯಾಟಿನ್ನಿನ ಮುಸ್ಕುಲುಸ್‌ನಿಂದ ಬಂದದ್ದು. ಮುಸ್ ಎಂದರೆ ಇಲಿ. ಅದಕ್ಕೆ ಕುಲುಸ್ ಎಂಬ ಬಾಲ ಸೇರಿದರೆ ಪುಟ್ಟ ಇಲಿ. ಚೌತಿಯಲ್ಲಿ ಗಣಪತಿಯ ಪಾದದ ಬಳಿ ಕೂರುವ ಮೂಷಕನೂ ಇಂಗ್ಲಿಷಿನ ಮೌಸೂ ಇದೇ ಬೇರಿನವು. ಆದರೆ ಮೈಯ ಮಾಂಸಕ್ಕೆ ಇಲಿಯ ಹೆಸರೇಕೆ?

ಒಮ್ಮೆ ಶಾಲೆಯ ಮಕ್ಕಳನ್ನು ಅಂಕೋಲೆಯ ಕಡೆಯ ತೀರಕ್ಕೆ ಕರೆದೊಯ್ದಿದ್ದೆ. ಅಲ್ಲಿ ರಂಪಣಿ ಎಂಬ ದೊಡ್ಡ ಮೀನುಬಲೆ ಎಳೆಯುತ್ತಿದ್ದರು. ದೋಣಿ ಅರ್ಧಚಂದ್ರದಂತೆ ಬಲೆ ಬಿಟ್ಟು ಬಂದಿತ್ತು. ದಡದಲ್ಲಿ ಎರಡೂ ತುದಿಯ ಹಗ್ಗಕ್ಕೆ ಹತ್ತಾರು ಜನ. ನಮ್ಮ ಮಕ್ಕಳೂ ಕೈ ಹಾಕಿದರು. ಮುಂದೆ ನಿಂತಿದ್ದ ಒಬ್ಬ ಅಜ್ಜ ಹಗ್ಗ ಜಗ್ಗಿದಾಗಲೆಲ್ಲ ಅವರ ತೋಳಿನ ಮಾಂಸ ಉಬ್ಬಿ ಮೇಲೇರುತ್ತಿತ್ತು, ಸಡಿಲಿಸಿದಾಗ ಕೆಳಗಿಳಿಯುತ್ತಿತ್ತು. ಒಬ್ಬಳು ಹುಡುಗಿ, ‘ಸರ್, ಚರ್ಮದೊಳಗೆ ಏನೋ ಓಡಾಡುತ್ತಿದೆ!’ ಎಂದು ಕೂಗಿದಳು. ‘ಅದೇ ಇಲಿ, ರೋಮನ್ನರು ಕಂಡದ್ದು ಅದನ್ನೇ’ ಎಂದು ನಾನು ಸಂಭ್ರಮದಿಂದ ವಿವರಿಸಿದೆ. ಅಜ್ಜ ಹಗ್ಗ ಬಿಡದೆಯೇ ಹೇಳಿದರು: ‘ಮಾಸ್ತರೇ, ಅವರಿಗೆ ಇಲಿ ಕಂಡಿತೋ? ನಮಗೆ ಕಂಡದ್ದು ಮೀನು.’ ಮೊಣಕಾಲಿನ ಕೆಳಗೆ, ಹಿಂಬದಿಯನ್ನು ತಟ್ಟಿ ತೋರಿಸಿದರು. ಮೀನಖಂಡ! ಬಾಲ್ಯದಿಂದ ಆಡುತ್ತಿದ್ದ ಮಾತು. ನಡುವೆ ಉಬ್ಬಿ, ಹಿಮ್ಮಡಿಯತ್ತ ಸಪೂರವಾಗುವ ಅದು ಮೀನಿನದೇ ಆಕಾರ. ಅಷ್ಟು ವರ್ಷ ಜೀವಶಾಸ್ತ್ರ ಕಲಿಸಿದ್ದರೂ ನಾನು ಆ ಪದವನ್ನು ಒಡೆದು ನೋಡಿರಲಿಲ್ಲ. ಆ ದಿನ ಬಲೆಗೆ ಬಂಗುಡೆ ಬಿದ್ದದ್ದು ಕಡಿಮೆ, ನನಗೆ ಸಿಕ್ಕಿದ್ದು ಬಹಳ.

ಸಮಯ ಸರಿಯುತ್ತಿದೆ, ಬೇಗ ಹೇಳಿಬಿಡುತ್ತೇನೆ. ಕಡಲ ಬಂಡೆಗೆ ಅಂಟಿ ಬೆಳೆಯುವ ಚಿಪ್ಪಿನ ಜೀವಿಗೆ ಇಂಗ್ಲಿಷಿನಲ್ಲಿ ಮಸೆಲ್ ಎನ್ನುತ್ತಾರೆ. ಅದೂ ಅದೇ ಮುಸ್ಕುಲುಸ್. ಮನೆಯ ಇಲಿಗೆ 1758ರಲ್ಲಿ ಜೀವವಿಜ್ಞಾನಿ ಲಿನೇಯಸ್ ಇಟ್ಟ ಹೆಸರು ಮುಸ್ ಮುಸ್ಕುಲುಸ್. ತೋಳಿನ ಬೈಸೆಪ್ಸ್? ಬೈ ಎಂದರೆ ಎರಡು, ಸೆಪ್ಸ್ ಎಂಬುದು ತಲೆ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಭುಜದ ಬಳಿ ಅದು ಎರಡು ಕವಲಾಗಿ ಮೂಳೆಗೆ ಅಂಟಿಕೊಂಡಿದೆ. ಒಡೆದು ನೋಡಿದರೆ ಅಂಗರಚನೆಯೇ ಪದದೊಳಗಿದೆ, ಮಕ್ಕಳೇ! ಹಾಗಾದರೆ ಟ್ರೈಸೆಪ್ಸ್‌ಗೆ ಎಷ್ಟು ತಲೆ? ಪುಸ್ತಕ ತೆರೆಯದೆ ಹೇಳಿ. ನಮಸ್ಕಾರ.